ಕೈಪಿಡಿಯ ಕೊನೆಯ ಪುಟಗಳು

(ಯಂತ್ರಾಂಶ ತಯಾರಕರು ತಮ್ಮ ಸಾಧನಗಳ ತಾಂತ್ರಿಕ ದಾಖಲೆಗಳನ್ನು ಮುಕ್ತವಾಗಿ ಪ್ರಕಟಿಸುವಂತೆ ಮಾಡುವುದು ಹೇಗೆ ಎಂಬ ವಿಷಯವಾಗಿ, ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ವೃತ್ತಿನಿರತರೂ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಸಭಿಕರೇ,

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೊಂಡವರಿಗೆ ಅದರ ಪೆಟ್ಟಿಗೆಯಲ್ಲಿ ಒಂದು ದಪ್ಪನೆಯ ಕೈಪಿಡಿಯೂ ಸಿಗುತ್ತಿತ್ತು. ಅದರ ಮೊದಲರ್ಧದಲ್ಲಿ ರಿಬ್ಬನ್ ಹಾಕುವುದು, ಸಿಕ್ಕಿಕೊಂಡ ಕಾಗದವನ್ನು ಬಿಡಿಸುವುದು ಮುಂತಾದ ದಿನಬಳಕೆಯ ಸಂಗತಿಗಳಿರುತ್ತಿದ್ದವು. ಹೆಚ್ಚಿನವರು ತಿರುವಿಯೂ ನೋಡದ ಕೊನೆಯ ಪುಟಗಳಲ್ಲಿ ಬೇರೊಂದು ಬಗೆಯ ವಿವರವಿರುತ್ತಿತ್ತು: ಈ ಯಂತ್ರಕ್ಕೆ ಯಾವ ಸಂಕೇತ ಕಳಿಸಿದರೆ ಅದು ಏನು ಮಾಡುತ್ತದೆ ಎಂಬುದರ ಪೂರ್ಣ ಪಟ್ಟಿ. ಜಪಾನಿನ ಎಪ್ಸನ್ ಕಂಪನಿಯ ಮಾದರಿಯ ಪ್ರಿಂಟರುಗಳಲ್ಲಿ 'ಎಸ್ಕೇಪ್' ಸಂಕೇತ, ಅದರ ಬೆನ್ನಿಗೆ 'ಕೆ' ಅಕ್ಷರ, ಆಮೇಲೆ ಎಷ್ಟು ಬೈಟ್ ಬರಲಿದೆಯೆಂದು ಹೇಳುವ ಎರಡು ಸಂಖ್ಯೆಗಳು. ಅಲ್ಲಿಂದ ಮುಂದೆ ಕಳಿಸಿದ ಒಂದೊಂದು ಬೈಟೂ ಎಂಟು ಸೂಜಿಗಳಲ್ಲಿ ಯಾವುವು ರಿಬ್ಬನ್ನಿಗೆ ಬಡಿಯಬೇಕು ಎಂಬ ಆಜ್ಞೆ. 128 ಕಳಿಸಿದರೆ ಮೇಲ್ತುದಿಯ ಸೂಜಿ ಮಾತ್ರ ಬಡಿಯುತ್ತದೆ, 1 ಕಳಿಸಿದರೆ ಕೆಳತುದಿಯದು, 255 ಕಳಿಸಿದರೆ ಎಂಟೂ.

ಆ ಪ್ರಿಂಟರುಗಳ ಹೊಟ್ಟೆಯೊಳಗೆ ಕನ್ನಡದ ಒಂದಕ್ಷರವೂ ಇರಲಿಲ್ಲ. ಆದರೂ ಆ ಕಾಲದ ಎಷ್ಟೋ ಕಚೇರಿಗಳಲ್ಲಿ ಕನ್ನಡದ ಪತ್ರಗಳು ಅವುಗಳಿಂದಲೇ ಹೊರಬಂದವು, ಏಕೆಂದರೆ ಕನ್ನಡ ತಂತ್ರಾಂಶ ಬರೆಯುವವರು ಅಕ್ಷರವನ್ನು ಅಕ್ಷರವಾಗಿ ಕಳಿಸದೆ ಚುಕ್ಕಿಗಳ ಚಿತ್ರವಾಗಿ ಕಳಿಸಬಹುದಿತ್ತು; ಕಳಿಸುವುದು ಹೇಗೆಂಬುದು ಕೈಪಿಡಿಯ ಕೊನೆಯ ಪುಟಗಳಲ್ಲಿ ಅಚ್ಚಾಗಿತ್ತು. ಜಪಾನಿನಲ್ಲಿ ಕುಳಿತು ಆ ಪಟ್ಟಿಯನ್ನು ಸಿದ್ಧಪಡಿಸಿದ ಇಂಜಿನಿಯರುಗಳ ಮನಸ್ಸಿನಲ್ಲಿ ಕನ್ನಡದ ಒತ್ತಕ್ಷರಗಳು ಇದ್ದಿರಲಾರವು. ಇರಬೇಕಾದ ಅಗತ್ಯವೂ ಇರಲಿಲ್ಲ. ತಮ್ಮ ಯಂತ್ರ ಯಾವ ಮಾತಿಗೆ ಓಗೊಡುತ್ತದೆ ಎಂಬುದನ್ನು ಅವರು ಬರೆದಿಟ್ಟರು. ಆ ಮಾತಿನಿಂದ ಏನನ್ನು ಹೇಳಿಸಬೇಕೆಂಬುದನ್ನು ಇಲ್ಲಿನವರು ತೀರ್ಮಾನಿಸಿದರು.

ಇಂದು ನಾನು ಮಾತಾಡಬೇಕೆಂದಿರುವುದು ಆ ಕೊನೆಯ ಪುಟಗಳ ಕುರಿತು. ಇತ್ತೀಚಿನ ಬಹುತೇಕ ಸಾಧನಗಳ ಪೆಟ್ಟಿಗೆಯಲ್ಲಿ ಸಿಗುವುದು ಹನ್ನೆರಡು ಭಾಷೆಗಳಲ್ಲಿ ಅಚ್ಚಾದ ಸುರಕ್ಷತಾ ಸೂಚನೆ ಮಾತ್ರ. 'ನೀರಿನಲ್ಲಿ ಮುಳುಗಿಸಬೇಡಿ' ಎಂಬುದು ಹನ್ನೆರಡು ಸಲ ಇರುತ್ತದೆ, ಸಾಧನದೊಂದಿಗೆ ಮಾತಾಡುವ ಬಗೆ ಒಂದು ಸಲವೂ ಇರುವುದಿಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಕಂಪ್ಯೂಟರ್ ಇತಿಹಾಸದ ದೊಡ್ಡ ಹೆಸರುಗಳೇ ಸಾಕ್ಷಿ. ಆಪಲ್ ಎರಡನೆಯ ಮಾದರಿಯ ಕಂಪ್ಯೂಟರಿನ ಆಕರ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಯೂ ಶಾಶ್ವತ ಸ್ಮೃತಿಯಲ್ಲಿ ಕೂತಿರುವ ಪ್ರೋಗ್ರಾಮಿನ ಪಟ್ಟಿಯೂ ಇದ್ದವು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಪ್ರಕಟಿಸಿದ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಗಳ ಜೊತೆಗೆ ಯಂತ್ರ ಚಾಲೂ ಆಗುವಾಗ ಓಡುವ ಬಯೋಸ್ ಪ್ರೋಗ್ರಾಮಿನ ಮೂಲ ಸಂಕೇತವನ್ನೇ (ಸೋರ್ಸ್ ಕೋಡ್) ಅಚ್ಚು ಹಾಕಿತ್ತು. ಇದರಿಂದ ಆದದ್ದು ಎರಡು ಬಗೆಯ ಪರಿಣಾಮ. ವಿಸ್ತರಣಾ ಕಾರ್ಡುಗಳನ್ನು ತಯಾರಿಸುವ ಸಣ್ಣ ಕಂಪನಿಗಳು ಆ ಕೈಪಿಡಿಯನ್ನು ನಂಬಿ ಬೆಳೆದವು. ಪಿಸಿಯ ತದ್ರೂಪುಗಳನ್ನು ಮಾಡಹೊರಟವರಿಗೆ ಮಾತ್ರ ಅದೇ ಕೈಪಿಡಿ ತೊಡಕಾಯಿತು, ಏಕೆಂದರೆ ಹಕ್ಕುಸ್ವಾಮ್ಯವುಳ್ಳ ಆ ಸಂಕೇತವನ್ನು ಒಮ್ಮೆ ಓದಿದವನು ಆಮೇಲೆ ಸ್ವತಂತ್ರವಾಗಿ ಬರೆದೆನೆಂದು ಹೇಳಿಕೊಳ್ಳುವುದು ಕಷ್ಟ. ಹಾಗಾಗಿ ಫೀನಿಕ್ಸ್‌ನಂತಹ ಕಂಪನಿಗಳು ಸಂಕೇತವನ್ನು ಓದಿ ವಿವರಣೆ ಬರೆಯುವ ಒಂದು ತಂಡ, ಆ ವಿವರಣೆಯನ್ನಷ್ಟೇ ನೋಡಿ ಹೊಸದಾಗಿ ಬರೆಯುವ ಇನ್ನೊಂದು ತಂಡ ಎಂದು ವಿಂಗಡಿಸಬೇಕಾಯಿತು.

ಈ ಹಳೆಯ ಪ್ರಸಂಗವನ್ನು ತೆಗೆದದ್ದಕ್ಕೆ ಕಾರಣವಿದೆ. ದಾಖಲೆ ಬೇರೆ, ಮೂಲ ಸಂಕೇತ ಬೇರೆ. ತಯಾರಕರ ಬಳಿ ನಾವು ಹೋಗಿ 'ಮುಕ್ತಗೊಳಿಸಿ' ಎಂದೊಡನೆ ಅವರಿಗೆ ಕೇಳಿಸುವುದು 'ನಿಮ್ಮ ತಂತ್ರಾಂಶವನ್ನೂ ಚಿಪ್ಪಿನ ವಿನ್ಯಾಸವನ್ನೂ ನಮಗೆ ಕೊಟ್ಟುಬಿಡಿ' ಎಂದು. ನಮಗೆ ಬೇಕಿರುವುದು ಅದಕ್ಕಿಂತ ಎಷ್ಟೋ ಕಡಿಮೆ. ಯಾವ ರಿಜಿಸ್ಟರ್ (ಸಾಧನವನ್ನು ನಿಯಂತ್ರಿಸುವ, ಚಿಪ್ಪಿನೊಳಗಿನ ಸಣ್ಣ ಸ್ಮೃತಿಕೋಶ) ಯಾವ ವಿಳಾಸದಲ್ಲಿದೆ, ಅದರ ಒಂದೊಂದು ಬಿಟ್‌ಗೆ ಅರ್ಥವೇನು, ಸಾಧನವನ್ನು ಎಚ್ಚರಿಸುವಾಗ ಯಾವ ಕ್ರಮದಲ್ಲಿ ಏನನ್ನು ಬರೆಯಬೇಕು, ತಂತಿಯ ಮೇಲೆ ಬರುವ ಮಾಹಿತಿಯ ಜೋಡಣೆ ಯಾವುದು, ಮತ್ತು ಚಿಪ್ಪಿನಲ್ಲಿರುವ ತಿಳಿದ ದೋಷಗಳೇನು, ಇಷ್ಟೇ. ಕೊನೆಯದನ್ನು ಒತ್ತಿ ಹೇಳುತ್ತೇನೆ: ದೋಷಗಳ ಪಟ್ಟಿಯಿಲ್ಲದ ಡೇಟಾಶೀಟ್ (ಚಿಪ್ಪಿನ ತಾಂತ್ರಿಕ ವಿವರಪುಸ್ತಿಕೆ) ಅರ್ಧ ಡೇಟಾಶೀಟ್.

ಇನ್ನು ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ಪರಿಚಿತರ ಊರಿನ ಹಾಲು ಉತ್ಪಾದಕರ ಸಂಘದವರು, ಊರವರ ಮಾತಿನಲ್ಲಿ 'ಡೈರಿ'ಯವರು, ಹಾಲು ಹಾಕುವವರಿಗೆ ಕೊಡುವ ಚೀಟಿ ಕನ್ನಡದಲ್ಲಿ ಬರುವಂತೆ ಮಾಡಿಕೊಡಬಹುದೇ ಎಂದು ಕೇಳಿದರು. ಕೆಲಸದಲ್ಲಿ ಎರಡು ಯಂತ್ರಗಳಿದ್ದವು. ಒಂದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಮೇಲೆ ಯಾವ ಹೆಸರೂ ಇಲ್ಲದ ಅಗ್ಗದ ಥರ್ಮಲ್ ಪ್ರಿಂಟರ್. ಇನ್ನೊಂದು, ಹಾಲಿನ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆಯುವ ಮಿಲ್ಕ್ ಅನಲೈಸರ್. ಅದರ ಹಿಂಬದಿಯಲ್ಲಿ ಒಂದು ಸೀರಿಯಲ್ ಪೋರ್ಟ್ ಇತ್ತು.

ಪ್ರಿಂಟರಿಗೆ ಕೈಪಿಡಿ ಇರಲಿಲ್ಲ, ಆದರೆ ಅದು ಎಪ್ಸನ್ನಿನ ರಸೀದಿ ಪ್ರಿಂಟರುಗಳ ಆಜ್ಞೆಗಳನ್ನೇ ಒಪ್ಪುತ್ತಿತ್ತು, ಮತ್ತು ಆ ಆಜ್ಞೆಗಳ ವಿವರವನ್ನು ಎಪ್ಸನ್ ಯಾರು ಬೇಕಾದರೂ ಓದುವಂತೆ ಪ್ರಕಟಿಸಿದೆ. 58 ಮಿಲಿಮೀಟರ್ ಅಗಲದ ಕಾಗದದ ಮೇಲೆ ಸಾಲಿಗೆ 384 ಚುಕ್ಕಿಗಳು. ಎಂಟರಿಂದ ಭಾಗಿಸಿದರೆ 48 ಬೈಟ್. 29, 118, 48, 0 ಎಂಬ ನಾಲ್ಕು ಸಂಖ್ಯೆಗಳನ್ನು ಕಳಿಸಿ, ಅಗಲವನ್ನೂ ಎತ್ತರವನ್ನೂ ಹೇಳಿ, ಚುಕ್ಕಿಗಳನ್ನು ಸುರಿದರೆ ಚಿತ್ರ ಮೂಡುತ್ತದೆ. ಕನ್ನಡವನ್ನು ಹೀಗೆ ಚಿತ್ರವಾಗಿ ಕಳಿಸದೆ ಬೇರೆ ದಾರಿಯಿಲ್ಲ, ಏಕೆಂದರೆ ಇಂಥ ಪ್ರಿಂಟರ್ ಒಂದು ಬೈಟಿಗೆ ಒಂದು ಅಚ್ಚು ಎಂದು ತಿಳಿದಿರುತ್ತದೆ. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರ ಯೂನಿಕೋಡ್‌ನಲ್ಲಿ ಆರು ಸಂಕೇತಗಳ ಸಾಲು, ಅದರ ಒತ್ತುಗಳು ಎಲ್ಲಿ ಕೂರಬೇಕೆಂಬುದು ಪ್ರಿಂಟರಿಗೆ ಎಂದಿಗೂ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ಚಿತ್ರ ಮಾಡಿ, ಕಳಿಸಿದೆವು. ಮಧ್ಯಾಹ್ನ ಊಟ ಮುಗಿಸಿ ಕುಳಿತವರು ಸಂಜೆಯ ಹಾಲು ಬರುವಷ್ಟರಲ್ಲಿ ರೈತರ ಹೆಸರುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ನೋಡಿದ್ದೆವು.

ಅನಲೈಸರಿನ ಕಥೆ ಬೇರೆಯಾಯಿತು. ತಯಾರಕರ ಹೆಸರನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಅವರು ಉಳಿದವರಿಗಿಂತ ಕೆಟ್ಟವರೇನಲ್ಲ. ಒಂದೊಂದು ಸಲ ಹಾಲು ಅಳೆದಾಗಲೂ ಆ ಯಂತ್ರ ಹದಿನಾಲ್ಕು ಅಂಕಿಗಳ ಒಂದು ಸಾಲನ್ನು ಕಳಿಸುತ್ತಿತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿರುವ ಮೊದಲ ಸಾಲು ಇದು: 04100851000029. ಯಂತ್ರದ ಮುಖದ ಮೇಲೆ ಫ್ಯಾಟ್ 4.10, ಎಸ್‌ಎನ್‌ಎಫ್ 8.51 ಎಂದು ಕಾಣುತ್ತಿದ್ದುದರಿಂದ ಮೊದಲ ಎಂಟು ಅಂಕಿಗಳ ಅರ್ಥ ಕೂಡಲೇ ತಿಳಿಯಿತು. ನಡುವಿನ ನಾಲ್ಕು ಅಂಕಿಗಳು ಯಾವಾಗಲೂ ಸೊನ್ನೆ. ಕೊನೆಯ ಎರಡು ಅಂಕಿಗಳು ಮಾತ್ರ ಸಾಲಿನಿಂದ ಸಾಲಿಗೆ ಬದಲಾಗುತ್ತಿದ್ದವು. ತಂತಿಯಲ್ಲಿ ಮಾಹಿತಿ ಕೆಟ್ಟಿಲ್ಲವೆಂದು ಖಚಿತಪಡಿಸುವ ಚೆಕ್‌ಸಮ್ ಇದಿರಬೇಕೆಂದು ನಾವು ನಂಬಿದೆವು. ಹಣದ ಲೆಕ್ಕವಾದ್ದರಿಂದ ಅದನ್ನು ಸರಿಯಾಗಿ ಪರಿಶೀಲಿಸದೆ ಚೀಟಿ ಕೊಡುವಂತಿರಲಿಲ್ಲ; ಅಂಕಿಗಳನ್ನು ಕೂಡಿದೆವು, ತಿರುಗಿಸಿದೆವು, ಶೇಷ ತೆಗೆದೆವು, ಮೂರು ವಾರ ಹೆಣಗಿದೆವು. ಒಂದು ಬೆಳಿಗ್ಗೆ ಕರೆಂಟು ಹೋಗಿ, ಬಂದ ಮೇಲೆ ಅದೇ ಲೋಟದ ಹಾಲನ್ನು ಮತ್ತೆ ಅಳೆದಾಗ ಫ್ಯಾಟೂ ಎಸ್‌ಎನ್‌ಎಫ್ಫೂ ಹಾಗೇ ಇದ್ದು ಕೊನೆಯ ಅಂಕಿಗಳು 31ರಿಂದ 27ಕ್ಕೆ ಇಳಿದಿದ್ದವು. ಉಳಿದ ಅಂಕಿಗಳು ಬದಲಾಗದೆ ಚೆಕ್‌ಸಮ್ ಬದಲಾಗಲಾರದು. ಬದಲಾಗಿದ್ದದ್ದು ಹಾಲಿನ ಬಿಸಿ. ನಾವು ಮೂರು ವಾರ ಬೀಜಗಣಿತ ಮಾಡಿದ್ದು ಉಷ್ಣಾಂಶದ ಮೇಲೆ.

ಒಂದೇ ಕೋಣೆ, ಒಂದೇ ಮೇಜು, ಅದೇ ಜನ. ಒಂದು ಯಂತ್ರಕ್ಕೆ ಅರ್ಧ ದಿನ, ಇನ್ನೊಂದಕ್ಕೆ ಮೂರು ವಾರ. ಹೆಸರಿಲ್ಲದ ಅಗ್ಗದ ಯಂತ್ರದ ಕೆಲಸ ಬೇಗ ಮುಗಿದದ್ದು ಯಾರೋ ಎಲ್ಲೋ ಒಂದು ಪಟ್ಟಿಯನ್ನು ಪ್ರಕಟಿಸಿದ್ದರಿಂದ.

ಇದೇ ವ್ಯತ್ಯಾಸವನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಗ್ರಾಫಿಕ್ಸ್ ಕಾರ್ಡುಗಳ ಚರಿತ್ರೆಯನ್ನು ನೋಡಬೇಕು. 2006ರಲ್ಲಿ ಎಟಿಐ ಕಂಪನಿಯನ್ನು ಕೊಂಡ ಎಎಂಡಿ, ಮರುವರ್ಷ ಸೆಪ್ಟೆಂಬರಿನಲ್ಲಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ರಿಜಿಸ್ಟರ್ ವಿವರಗಳನ್ನು ಯಾವ ಗೌಪ್ಯತಾ ಒಪ್ಪಂದವೂ ಇಲ್ಲದೆ ಪ್ರಕಟಿಸತೊಡಗಿತು. ಎಲ್ಲವೂ ಒಂದೇ ದಿನ ಹೊರಬರಲಿಲ್ಲ. ಸಂಕುಚಿತ ವೀಡಿಯೊವನ್ನು ಬಿಡಿಸುವ ಭಾಗಕ್ಕೆ ಮುಕ್ತ ಡ್ರೈವರಿನ (ಸಾಧನವನ್ನು ನಡೆಸುವ ತಂತ್ರಾಂಶ) ಬೆಂಬಲ ಬರಲು 2013ರವರೆಗೆ ಕಾಯಬೇಕಾಯಿತು. ಆದರೆ ಒಮ್ಮೆ ಬೇರು ಬಿಟ್ಟ ಮೇಲೆ ಅದು ಬೆಳೆದ ರೀತಿ ಗಮನಾರ್ಹ. 2016ರಲ್ಲಿ ಕಂಪನಿಯ ಹೊರಗಿನವರು ಅದೇ ಕಾರ್ಡುಗಳಿಗೆ 'ರಾಡ್‌ವಿ' ಎಂಬ ವಲ್ಕನ್ (ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಕೊಡುವ ಒಂದು ಮಾನಕ) ಡ್ರೈವರನ್ನು ಬರೆಯಲು ಆರಂಭಿಸಿದರು. ಕಂಪನಿಗೆ ತನ್ನದೇ ಆದ ಇನ್ನೊಂದು ಡ್ರೈವರ್ ಇತ್ತು. 2025ರಲ್ಲಿ ಎಎಂಡಿ ತನ್ನದನ್ನು ನಿಲ್ಲಿಸಿ, ಹೊರಗಿನವರು ಆರಂಭಿಸಿದ ರಾಡ್‌ವಿಯನ್ನೇ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಅಧಿಕೃತವಾಗಿ ಬೆಂಬಲಿಸುವುದಾಗಿ ಹೇಳಿತು.

ಎನ್‌ವಿಡಿಯಾ ಕಾರ್ಡುಗಳ ಮುಕ್ತ ಡ್ರೈವರ್ 'ನೂವೋ' ಬರೆದವರಿಗೆ ಅಂಥ ದಾಖಲೆ ಇರಲಿಲ್ಲ. ಅವರು ಮಾಡಿದ್ದು ನಾವು ಡೈರಿಯಲ್ಲಿ ಮಾಡಿದ್ದನ್ನೇ, ಸಾವಿರ ಪಟ್ಟು ಹೆಚ್ಚು ಜಾಣತನದಿಂದ: ಕಂಪನಿಯ ಡ್ರೈವರ್ ಯಾವ ವಿಳಾಸಕ್ಕೆ ಏನನ್ನು ಬರೆಯುತ್ತಿದೆ ಎಂಬುದನ್ನು ದಾಖಲಿಸಿಕೊಂಡು, ಅದರಿಂದ ಅರ್ಥವನ್ನು ಊಹಿಸುವುದು. 2010ರಲ್ಲಿ ಆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೆ ಸೇರಿತು. ಮುಂದಿನ ಪೀಳಿಗೆಯ ಕಾರ್ಡುಗಳು ಕಂಪನಿಯ ಡಿಜಿಟಲ್ ಸಹಿಯಿರುವ ಫರ್ಮ್‌ವೇರನ್ನು (ಸಾಧನದೊಳಗೇ ಓಡುವ ತಂತ್ರಾಂಶವನ್ನು) ಮಾತ್ರ ಒಪ್ಪತೊಡಗಿದ ಮೇಲೆ, ಊಹೆ ಸರಿಯಿದ್ದರೂ ಕಾರ್ಡಿನ ವೇಗವನ್ನು ಏರಿಸಲಾಗದೆ ಎಷ್ಟೋ ಕಾರ್ಡುಗಳು ಮುಕ್ತ ಡ್ರೈವರಿನಲ್ಲಿ ಆರಂಭದ ಆಮೆ ವೇಗದಲ್ಲೇ ಉಳಿದವು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಈ ಕಂಪನಿಯ ಬಗ್ಗೆ ಮಾಡಿದ ಸನ್ನೆಯನ್ನು ನೀವೆಲ್ಲ ನೋಡಿರುತ್ತೀರಿ. ಸಭಾಮರ್ಯಾದೆಯ ದೃಷ್ಟಿಯಿಂದ ವರ್ಣಿಸುವುದಿಲ್ಲ. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಕರ್ನಲ್ ಭಾಗದ ಸಂಕೇತವನ್ನು ಮುಕ್ತವಾಗಿ ಪ್ರಕಟಿಸಿತು. ಆ ಸನ್ನೆಗೂ ಈ ಪ್ರಕಟಣೆಗೂ ನಡುವೆ ಹತ್ತು ವರ್ಷ ಸಂದಿದ್ದರಿಂದ, ಬೈಗುಳವನ್ನು ಒತ್ತಾಯದ ಪರಿಣಾಮಕಾರಿ ವಿಧಾನವೆಂದು ನಾನು ಶಿಫಾರಸು ಮಾಡಲಾರೆ.

ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಅಗ್ಗದ ಕಂಪ್ಯೂಟರಿನ ಕಥೆ ನನಗೆ ಹೆಚ್ಚು ಬೋಧಪ್ರದವೆನಿಸುತ್ತದೆ. ಅದರ ಚಿಪ್ ತಯಾರಿಸಿದ ಬ್ರಾಡ್‌ಕಾಮ್, ದಾಖಲೆ ಕೊಡುವುದರಲ್ಲಿ ಹಿಂದೆ ಉದಾರಿಯೆಂದು ಹೆಸರಾಗಿದ್ದ ಕಂಪನಿಯಲ್ಲ. ಅದರ ವೈಫೈ ಚಿಪ್ಪುಗಳಿಗೆ ಲಿನಕ್ಸ್ ಡ್ರೈವರ್ ಬರೆದವರು ಫೀನಿಕ್ಸ್‌ನವರಂತೆಯೇ ಎರಡು ತಂಡಗಳಾಗಿ ಒಡೆದು ಕೆಲಸ ಮಾಡಬೇಕಾಗಿತ್ತು. ಅದೇ ಕಂಪನಿ 2014ರ ಫೆಬ್ರುವರಿಯಲ್ಲಿ ತನ್ನ ವೀಡಿಯೊಕೋರ್ ಗ್ರಾಫಿಕ್ಸ್ ಭಾಗದ ವಾಸ್ತುವಿನ್ಯಾಸದ ದಾಖಲೆಯನ್ನು ಪ್ರಕಟಿಸಿತು. ಆ ದಾಖಲೆಯ ಜೊತೆಗೆ ಬಂದ ಮುಕ್ತ ಸಂಕೇತವನ್ನು ಬಳಸಿ ಪೈ ಮೇಲೆ ಕ್ವೇಕ್ ಆಟದ ಮೂರನೆಯ ಆವೃತ್ತಿಯನ್ನು ಮೊದಲು ಓಡಿಸಿದವರಿಗೆ 10,000 ಡಾಲರ್ ಬಹುಮಾನವೆಂದು ರಾಸ್‌ಬೆರಿ ಪೈ ಪ್ರತಿಷ್ಠಾನ ಘೋಷಿಸಿತು. ಸುಮಾರು ಒಂದು ತಿಂಗಳಲ್ಲಿ ಬಹುಮಾನ ಖರ್ಚಾಯಿತು. ಆಮೇಲೆ 2021ರಲ್ಲಿ ಅವರು ತಮ್ಮದೇ ಆರ್‌ಪಿ2040 ಚಿಪ್ ತಂದಾಗ ಆರುನೂರಕ್ಕೂ ಹೆಚ್ಚು ಪುಟಗಳ ಡೇಟಾಶೀಟನ್ನು ಮೊದಲ ದಿನವೇ ಎಲ್ಲರ ಮುಂದಿಟ್ಟರು, ದೋಷಗಳ ಪಟ್ಟಿ ಸಹಿತ. ನಾಲ್ಕು ಡಾಲರಿನ ಬೋರ್ಡಿಗೆ ಆರುನೂರು ಪುಟ.

ಈಗ ತಯಾರಕರ ಆಕ್ಷೇಪಗಳಿಗೆ ಬರುತ್ತೇನೆ. 'ಪ್ರತಿಸ್ಪರ್ಧಿಗಳು ನಕಲು ಮಾಡುತ್ತಾರೆ' ಎಂಬುದು ಎಲ್ಲರೂ ಮೊದಲು ಹೇಳುವ ಮಾತು, ಮತ್ತು ಅತ್ಯಂತ ದುರ್ಬಲವಾದದ್ದು. ರಿಜಿಸ್ಟರುಗಳ ಪಟ್ಟಿಯಿಂದ ಚಿಪ್ ತಯಾರಿಸಲು ಬರುವುದಿಲ್ಲ, ಹೋಟೆಲಿನ ಮೆನು ಓದಿ ಅಡುಗೆ ಕಲಿಯಲು ಬಾರದ ಹಾಗೆ. ನಿಜವಾಗಿ ನಕಲು ಮಾಡುವ ಶಕ್ತಿಯಿರುವ ಪ್ರತಿಸ್ಪರ್ಧಿ ಚಿಪ್ಪನ್ನೇ ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾನೆ. ದಾಖಲೆಯಿಲ್ಲದೆ ಸೋಲುವವರು ಗ್ರಾಹಕರು ಮಾತ್ರ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಇಂದಿನ ಚಿಪ್ಪಿನಲ್ಲಿ ಹಲವು ಕಂಪನಿಗಳಿಂದ ಪರವಾನಗಿ ಪಡೆದ ಭಾಗಗಳು ಇರುತ್ತವೆ; ಅವುಗಳ ವಿವರವನ್ನು ಬಹಿರಂಗಪಡಿಸದಿರಲು ತಯಾರಕರೇ ಸಹಿ ಹಾಕಿಕೊಟ್ಟಿರುತ್ತಾರೆ. ಇದು ಸುಳ್ಳು ನೆಪವಲ್ಲ. ಇದಕ್ಕೆ ಉತ್ತರವಿರುವುದು ಖರೀದಿಯ ಹಂತದಲ್ಲಿ: ಭಾಗವನ್ನು ಕೊಳ್ಳುವಾಗಲೇ ಅದನ್ನು ಬಳಸುವ ಬಗೆಯನ್ನು ಪ್ರಕಟಿಸುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಚಿಪ್ ಸಿದ್ಧವಾದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಮೂರನೆಯದನ್ನು ಯಾವ ಕಂಪನಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಒಳಗೆ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ: ಪ್ರಕಟಿಸುವಂತಹ ದಾಖಲೆಯೇ ಅವರ ಬಳಿ ಇರುವುದಿಲ್ಲ. ಇರುವುದು ಮೂರು ಜನರ ತಲೆಯಲ್ಲಿ, ಎರಡು ಎಕ್ಸೆಲ್ ಹಾಳೆಗಳಲ್ಲಿ, ಮತ್ತು ರಾಜೀನಾಮೆ ಕೊಟ್ಟು ಹೋದವರ ಇಮೇಲ್‌ಗಳಲ್ಲಿ. ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗಿ 'ಗೌಪ್ಯ' ಎಂಬ ಮೊಹರು ಒತ್ತುತ್ತಾರೆ. ಇಲ್ಲಿ ಬೆಂಗಳೂರಿಗೆ ಒಂದು ವಿಶೇಷ ಸ್ಥಾನವಿದೆ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಸಂಶೋಧನಾ ಕೇಂದ್ರವನ್ನು ಈ ಊರಿನಲ್ಲಿ ತೆರೆದಂದಿನಿಂದ ಜಗತ್ತಿನ ದೊಡ್ಡ ಚಿಪ್ ಕಂಪನಿಗಳು ಒಂದೊಂದಾಗಿ ಇಲ್ಲಿಗೆ ಬಂದಿವೆ. ಯಾವುದೋ ದೇಶದ ವಿದ್ಯಾರ್ಥಿ ಸಿಗುತ್ತಿಲ್ಲವೆಂದು ಪರದಾಡುತ್ತಿರುವ ರಿಜಿಸ್ಟರ್ ವಿವರಣೆಯನ್ನು ಬರೆದ ಕೈ ಈ ಸಭೆಯಲ್ಲೇ ಕುಳಿತಿರಬಹುದು. ಆ ಕೈಗೆ ನನ್ನ ವಿನಂತಿ, ಸೋರಿಕೆ ಮಾಡಿ ಎಂದು ಖಂಡಿತ ಅಲ್ಲ. ಒಳಗಿನ ದಾಖಲೆಯನ್ನು ಬರೆಯುವಾಗಲೇ ಹೊರಗಿನವರು ಓದಬಹುದಾದ ಭಾಗವನ್ನು ಬೇರೆ ಅಧ್ಯಾಯವಾಗಿ ಇಡಿ. ಮುಂದೊಂದು ದಿನ ವ್ಯವಸ್ಥಾಪಕರು ಒಪ್ಪಿದಾಗ ಕಾನೂನು ವಿಭಾಗದವರು ಇಡೀ ಕಡತವನ್ನು ಜಾಲಾಡಬೇಕಾಗುವುದಿಲ್ಲ.

ಈ ಊರಿನಲ್ಲಿ ಇಂಥ ಆಲೋಚನೆ ಹೊಸದೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ 2001ರ ಹೊತ್ತಿಗೆ ರೂಪಿಸಿದ, ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರಾದ ಸಿಂಪ್ಯೂಟರ್, ಯಂತ್ರಾಂಶದ ವಿನ್ಯಾಸಕ್ಕೇ ಒಂದು ಸಾರ್ವಜನಿಕ ಪರವಾನಗಿಯನ್ನು ಬರೆದುಕೊಂಡಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದರೆ ಆ ಪರವಾನಗಿಯನ್ನು ಯಂತ್ರಾಂಶದ ಬಗ್ಗೆ ಯೋಚಿಸುವವರು ಇಂದಿಗೂ ಓದಬೇಕು.

ಕಾನೂನಿನ ಬಗ್ಗೆ ಒಂದು ಮಾತು. ದಾಖಲೆ ಸಿಗದಿದ್ದಾಗ ಅರ್ಥವನ್ನು ನಾವೇ ಹುಡುಕಿಕೊಳ್ಳುವುದು ಅಪರಾಧವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು, ಕಾನೂನುಬದ್ಧವಾಗಿ ಪ್ರೋಗ್ರಾಮನ್ನು ಹೊಂದಿರುವವನು ತನ್ನ ಸ್ವತಂತ್ರ ಪ್ರೋಗ್ರಾಮು ಅದರೊಂದಿಗೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿಯನ್ನು ಪಡೆಯುವುದಕ್ಕೆ ಅವಕಾಶ ಕೊಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಆ ಮಾಹಿತಿ ಬೇರೆ ರೀತಿಯಲ್ಲಿ ಸುಲಭವಾಗಿ ಸಿಗುವಂತಿರಬಾರದು. ತಯಾರಕರೊಂದಿಗೆ ಮಾತಾಡುವಾಗ ಈ ಷರತ್ತನ್ನು ನಾನು ನೆನಪಿಸುತ್ತೇನೆ. ದಾಖಲೆಯನ್ನು ನೀವೇ ಪ್ರಕಟಿಸಿದರೆ ನಿಮ್ಮ ತಂತ್ರಾಂಶವನ್ನು ಬಗೆದು ನೋಡುವ ಅಗತ್ಯವೂ ಅವಕಾಶವೂ ಕಡಿಮೆಯಾಗುತ್ತದೆ.

ಬೈಯುವುದು ಬೇಡವೆಂದ ಮೇಲೆ ಕೇಳುವುದು ಹೇಗೆ? ದೊಡ್ಡ ಬಲವಿರುವುದು ಖರೀದಿಸುವವರ ಕೈಯಲ್ಲಿ. ಬಸ್ಸಿನ ನಿರ್ವಾಹಕರ ಟಿಕೆಟ್ ಯಂತ್ರದಿಂದ ನ್ಯಾಯಬೆಲೆ ಅಂಗಡಿಯ ತೂಕದ ಯಂತ್ರದವರೆಗೆ ಸಾವಿರಾರು ಸಾಧನಗಳನ್ನು ಸರ್ಕಾರ ಟೆಂಡರ್ ಕರೆದು ಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆಗೆ 1999ರ ಅಧಿನಿಯಮವಿದೆ. ಕೇಂದ್ರ ಸರ್ಕಾರಕ್ಕೆ ಮುಕ್ತ ಮಾನಕಗಳ ಬಗ್ಗೆ 2010ರ ನೀತಿ, ಮುಕ್ತ ತಂತ್ರಾಂಶದ ಬಗ್ಗೆ 2015ರ ನೀತಿ ಇವೆ. ಇವುಗಳ ದೃಷ್ಟಿ ಹೆಚ್ಚಾಗಿ ತಂತ್ರಾಂಶದ ಮೇಲಿದೆ. ಟೆಂಡರಿನ ತಾಂತ್ರಿಕ ಷರತ್ತುಗಳಲ್ಲಿ 'ಸಾಧನದ ಆಜ್ಞೆಗಳ ಮತ್ತು ಮಾಹಿತಿ ಜೋಡಣೆಯ ಪೂರ್ಣ ವಿವರವನ್ನು, ಮರುಪ್ರಕಟಣೆಯ ಅನುಮತಿಯೊಂದಿಗೆ, ಸಾಧನದ ಜೊತೆಗೇ ಒದಗಿಸತಕ್ಕದ್ದು' ಎಂಬ ಒಂದು ವಾಕ್ಯ ಸೇರಿದರೆ, ಹತ್ತು ವರ್ಷಗಳ ಮನವಿಪತ್ರಗಳು ಮಾಡದ ಕೆಲಸವನ್ನು ಅದು ಮಾಡಬಲ್ಲದು. ಮಾರಿದವರು ಅಂಗಡಿ ಮುಚ್ಚಿದ ಮೇಲೂ ಯಂತ್ರ ಬದುಕಿರಬೇಕೆಂಬುದು ಖರ್ಚು ಮಾಡುವ ಇಲಾಖೆಯ ಹಿತವೇ ಆಗಿದೆ.

ಬಿಡಿ ಗ್ರಾಹಕರಾದ ನಮ್ಮಂಥವರು ಬರೆಯುವ ಪತ್ರವೂ ವ್ಯರ್ಥವಲ್ಲ, ಅದು ಕೇಳುವುದನ್ನು ಖಚಿತವಾಗಿ ಕೇಳಿದರೆ. 'ನಿಮ್ಮ ಉತ್ಪನ್ನವನ್ನು ಮುಕ್ತಗೊಳಿಸಿ' ಎಂಬ ಪತ್ರ ಯಾರ ಮೇಜಿಗೆ ಹೋಗಬೇಕೆಂದು ಕಂಪನಿಗೇ ತಿಳಿಯದೆ ಮಾರಾಟ ವಿಭಾಗದಲ್ಲಿ ಕೊನೆಯುಸಿರೆಳೆಯುತ್ತದೆ. 'ಇಂಥ ಮಾದರಿಯ ಸೀರಿಯಲ್ ಪೋರ್ಟಿನಿಂದ ಬರುವ ಹದಿನಾಲ್ಕು ಅಂಕಿಗಳಲ್ಲಿ ಒಂಬತ್ತರಿಂದ ಹನ್ನೆರಡನೆಯವು ಏನು?' ಎಂಬ ಪತ್ರ ಮಾತ್ರ, ಎಲ್ಲೆಲ್ಲೋ ಸುತ್ತಿಯಾದರೂ, ಒಬ್ಬ ಇಂಜಿನಿಯರನನ್ನು ತಲುಪುತ್ತದೆ. ಪ್ರಶ್ನೆಗೆ ಉತ್ತರ ಗೊತ್ತಿರುವ ಇಂಜಿನಿಯರ್ ಸುಮ್ಮನಿರುವುದು ಅಪರೂಪ.

ಡೈರಿಯ ಲೆಟರ್‌ಹೆಡ್ಡಿನಲ್ಲಿ ಕಾರ್ಯದರ್ಶಿಯವರ ಸಹಿಯೊಂದಿಗೆ ಅಂಥ ಪತ್ರವನ್ನು ನಾವು ಬರೆದೆವು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಯಂತ್ರ ಕೆಟ್ಟಿದ್ದರೆ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ ಎಂಬ ಉತ್ತರ ಬಂತು. ಮೂರನೆಯ ಪತ್ರದಲ್ಲಿ ಅಂಕಿಗಳ ಸಾಲನ್ನೇ ಬರೆದು, ನಮಗೆ ತಿಳಿದಷ್ಟರ ಕೆಳಗೆ ಗೆರೆ ಎಳೆದು, ತಿಳಿಯದಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದೆವು. ಹತ್ತು ದಿನಗಳಲ್ಲಿ ಒಂದೇ ಪುಟದ ಉತ್ತರ ಬಂತು. ಅದರಲ್ಲಿ ಅರ್ಧ ಪುಟ ಖಾಲಿಯಿತ್ತು. ಕೊನೆಯ ಎರಡು ಅಂಕಿಗಳು ಉಷ್ಣಾಂಶವೆಂಬ ನಮ್ಮ ಊಹೆ ಸರಿಯಾಗಿತ್ತು. ನಡುವಿನ ನಾಲ್ಕು ಸೊನ್ನೆಗಳನ್ನು ಖಾಲಿ ಜಾಗವೆಂದು ತಿಳಿದು ನಮ್ಮ ತಂತ್ರಾಂಶ ಅವನ್ನು ಎಸೆಯುತ್ತಿತ್ತು. ಆ ಜಾಗ ಹಾಲಿಗೆ ಬೆರೆಸಿದ ನೀರಿನ ಶೇಕಡಾ ಪ್ರಮಾಣವಂತೆ. ಪರೀಕ್ಷೆಗೆಂದು ನಮ್ಮ ಮುಂದೆ ತಂದಿಟ್ಟವರೆಲ್ಲ ಒಳ್ಳೆಯ ಹಾಲನ್ನೇ ತಂದಿದ್ದರು.